ಮೂರು ಬ್ರೌಸರ್, ಇಬ್ಬರು ಹುಲಿಗೆಮ್ಮರು

ಹೋದ ತಿಂಗಳು ರುಬೀನಾ ಎಂಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ನಿವೃತ್ತಿಗೆ ಮುಂಚೆ ಕೊಪ್ಪಳದಲ್ಲಿ ನಾನು ಕೂರುತ್ತಿದ್ದ ಕುರ್ಚಿಗೆ ಹೊಸದಾಗಿ ಬಂದವಳು. ಚಾ ಕುಡಿಯುವವರೆಗೂ ಅದೂ ಇದೂ ಮಾತಾಡಿದಳು. ಕಪ್ಪು ಕೆಳಗಿಟ್ಟ ಮೇಲೆ ಬಂದ ಕೆಲಸದ ಬಗ್ಗೆ ಬಾಯಿ ಬಿಟ್ಟಳು.

"ಬಾಯಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕಂಪ್ಯೂಟರ್‌ನಾಗ ಬ್ರೌಸರ್ ಏನೂ ನೆನಪಿಟ್ಕೊಳ್ಳಂಗಿಲ್ರಿ. ದಿನಾ ಪಾಸ್‌ವರ್ಡ್ ಹೊಡೀಬೇಕು, ದಿನಾ ಊರಿನ ಹೆಸರು ಹೊಡೀಬೇಕು. ಯಾರು ಹಿಂಗ ಮಾಡಿಟ್ಟಾರ ಅಂತ ಕೇಳಿದ್ರ ಎಲ್ಲಾರೂ ನಿಮ್ಮ ಹೆಸರು ಹೇಳ್ತಾರ. ಅದನ್ನ ಬದಲ್ ಮಾಡ್ಲೇನ್ರಿ?"

"ಬ್ಯಾಡ" ಎಂದೆ.

"ಯಾಕ್ರಿ?"

ಯಾಕೆ ಎಂದರೆ ಒಬ್ಬ ಹೆಣ್ಣುಮಗಳಿಂದಾಗಿ. ನನ್ನ ಬೆರಳಿನ ಚುರುಕಿನಿಂದ ಅವಳಿಗೆ ಸಿಗಬೇಕಾಗಿದ್ದ ಅಂಗನವಾಡಿ ಕೆಲಸ ಕೈತಪ್ಪಿ ಹೋಗುವುದರಲ್ಲಿತ್ತು. ಅದನ್ನು ಒಂದು ಕಪ್ ಚಾದ ಹೊತ್ತಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ, ರುಬೀನಾಳಿಗೂ, ಅವಳಂತೆ ಅರ್ಜಿ ಕೌಂಟರಿಗೆ ಹೊಸದಾಗಿ ಬರುವ ಉಳಿದವರಿಗೂ.

ನನಗೆ ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಇಲಾಖೆಯ ಹೆಸರನ್ನೂ ಬರೆಯುವುದಿಲ್ಲ. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳ, ಈ ನಾಲ್ಕು ಊರಿನ ಕೌಂಟರುಗಳಲ್ಲಿ ಕುಳಿತು ಜಾತಿ, ಆದಾಯ, ವಾಸಸ್ಥಳ ಪ್ರಮಾಣಪತ್ರಗಳ ಅರ್ಜಿಯನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸವಾಗಿತ್ತು. ಅಷ್ಟು ಗೊತ್ತಿದ್ದರೆ ಸಾಕು.

ಕುಷ್ಟಗಿಗೆ ಮೊದಲ ಕಂಪ್ಯೂಟರ್ ಬಂದಾಗ ನಾನು ಟೈಪಿಸ್ಟ್ ಆಗಿದ್ದೆ. ಅದಕ್ಕೊಂದು ಪ್ರತ್ಯೇಕ ಕೋಣೆ ಕೊಟ್ಟರು, ಕಿಟಕಿಗೆ ಪರದೆ ಕಟ್ಟಿದರು. ಕಚೇರಿಯಲ್ಲಿದ್ದ ಒಂದೇ ಒಂದು ಕೂಲರನ್ನು ಸಾಹೇಬರ ಕೋಣೆಯಿಂದ ಎತ್ತಿ ಅದರ ಮುಂದೆ ಇಟ್ಟರು. ಆ ಊರಿನ ಬೇಸಿಗೆಯಲ್ಲಿ ನಾವೆಲ್ಲ ಫೈಲಿನ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಾ, ಏನಾದರೂ ನೆಪ ಹುಡುಕಿ ಆ ಕೋಣೆಗೆ ಹೋಗಿ ಬರುತ್ತಿದ್ದೆವು. ಆಯುಧಪೂಜೆಯ ದಿನ ಜವಾನ ಫಕೀರಪ್ಪ ಮೌಸನ್ನು ತಿರುಗಿಸಿ ಅದರ ಹೊಟ್ಟೆಯಲ್ಲಿ ಉರುಳುವ ರಬ್ಬರ್ ಗುಂಡಿಗೇ ಕುಂಕುಮ ಹಚ್ಚಿದ. ಎರಡು ದಿನ ಅದು ಉರುಳಲಿಲ್ಲ, ಅರ್ಜಿಗಳೂ ಉರುಳಲಿಲ್ಲ.

ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷಿನ 'ಇ' ಅಕ್ಷರ ನೀಲಿ ಬಣ್ಣದಲ್ಲಿ ಇರುತ್ತಿತ್ತು. ಅದನ್ನು ಒತ್ತಿದರೆ ಇಂಟರ್ನೆಟ್ ತೆರೆದುಕೊಳ್ಳುತ್ತಿತ್ತು. ಅದಕ್ಕೆ ಬ್ರೌಸರ್ ಎನ್ನುತ್ತಾರೆ, ಅಂಥವು ಬೇರೆ ಬೇರೆ ಕಂಪನಿಗಳವೂ ಇರುತ್ತವೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಸಾಹೇಬರಂತೂ ಆ ನೀಲಿ ಅಕ್ಷರವೇ ಇಂಟರ್ನೆಟ್ ಎಂದು ನಂಬಿದ್ದರು. ರಸ್ತೆ ಅಗೆಯುವಾಗ ಟೆಲಿಫೋನ್ ತಂತಿ ಕಡಿದು ಸಂಪರ್ಕ ಹೋದರೆ, "ಗಿರಿಜಮ್ಮಾರ, ನಮ್ಮ ಇ ಕೆಟ್ಟೈತಂತ ಮ್ಯಾಲಿನವ್ರಿಗೆ ಪತ್ರ ಬರೀರಿ" ಎನ್ನುತ್ತಿದ್ದರು. ನಾನು ಹಾಗೆಯೇ ಬರೆದೂ ಇದ್ದೇನೆ.

ನನ್ನ ಮೊದಲ ಪೆದ್ದತನವೂ ಅಲ್ಲಿಯದೇ. ಆ ನೀಲಿ ಇ ಒಳಗೆ ಆಗಾಗ ಒಂದು ಚೌಕ ಎದ್ದು ಬಂದು ಏನೋ ಕೇಳುತ್ತಿತ್ತು. ಸರ್ಕಾರಿ ಯಂತ್ರ ಕೇಳಿದ್ದಕ್ಕೆ ಇಲ್ಲ ಎನ್ನಬಾರದು ಎಂದು ನಾನು ಪ್ರತಿ ಸಲ 'ಹೌದು' ಎಂದೇ ಒತ್ತುತ್ತಿದ್ದೆ. ಒಂದೊಂದು ಹೌದಿಗೂ ಪರದೆಯ ಮೇಲ್ಭಾಗದಲ್ಲಿ ಒಂದೊಂದು ಪಟ್ಟಿ ಬಂದು ಕೂರುತ್ತಿತ್ತು. ಹುಡುಕುವ ಪಟ್ಟಿ, ಹವಾಮಾನದ ಪಟ್ಟಿ, ಜೂಜಿನ ಪಟ್ಟಿ. ಕೊನೆಗೆ ಅರ್ಜಿ ಕಾಣುವ ಜಾಗ ನಾಲ್ಕು ಬೆರಳಿನಷ್ಟು ಉಳಿಯಿತು. ಆ ಸಂದಿಯಲ್ಲೇ ಮೂರು ತಿಂಗಳು ಅರ್ಜಿ ತುಂಬಿದೆ. ಕಂಪ್ಯೂಟರ್ ಎಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದೆ.

ನಾಲ್ಕೂ ತಾಲೂಕಿನ ಯಂತ್ರಗಳ ರಿಪೇರಿಗೆ ಕೊಪ್ಪಳದಿಂದ ಬರುತ್ತಿದ್ದವರು ಖಾಜಾ ಹುಸೇನ್. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಬ್ಯಾಗಿನಲ್ಲಿ ಸ್ಕ್ರೂ ಡ್ರೈವರಿನ ಜೊತೆ ಯಾವಾಗಲೂ ಒಂದು ಬಾಚಣಿಗೆ ಇರುತ್ತಿತ್ತು. ನನ್ನ ಪರದೆ ನೋಡಿ ಅವರು ಬಾಗಿಲ ಚೌಕಟ್ಟು ಹಿಡಿದು ನಕ್ಕರು.

"ಅಕ್ಕಾರ, ಇಷ್ಟು ಸಣ್ಣ ಕಿಂಡ್ಯಾಗ ಊರ ಮಂದಿನ್ನೆಲ್ಲಾ ಹೆಂಗ ತುರುಕಿದ್ರಿ?"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಅರ್ಧ ಗಂಟೆ ಕುಳಿತು ಎಲ್ಲ ಪಟ್ಟಿಗಳನ್ನೂ ಕಿತ್ತು ಹಾಕಿದರು. ಯಂತ್ರ ಕೇಳಿದ್ದಕ್ಕೆಲ್ಲ ಹೌದು ಎನ್ನಬಾರದು ಎಂಬ ಪಾಠವನ್ನು ನಾನು ಆ ದಿನ ಕಲಿತೆ. ಕಲಿತದ್ದನ್ನು ಮರೆತದ್ದು ಗಂಗಾವತಿಯಲ್ಲಿ. ಅದಕ್ಕೆ ಮುಂಚೆ ಯಲಬುರ್ಗಾದ ವಿಷಯ ಹೇಳಬೇಕು.

ಯಲಬುರ್ಗಾಕ್ಕೆ ವರ್ಗವಾದ ಮೇಲೆ ಖಾಜಾ ಹುಸೇನರೇ ನನಗೆ ಎರಡನೇ ಬ್ರೌಸರನ್ನು ತೋರಿಸಿದರು. ಬೆಂಕಿಯಂಥ ಬಾಲದ ನರಿಯೊಂದು ಭೂಮಿಯನ್ನು ತಬ್ಬಿಕೊಂಡು ಮಲಗಿದ ಚಿತ್ರ. ನಾವು ಅದನ್ನು ನರಿ ಎಂದೇ ಕರೆಯುತ್ತಿದ್ದೆವು. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದು ಇಟಗಿಯ ಕಡೆಯ ಒಬ್ಬ ಹಿರಿಯರಿಂದ. ದ್ಯಾಮಣ್ಣ ಎಂದು ಅವರ ಹೆಸರು. ಮೊಮ್ಮಗಳ ಶಾಲೆಗೆ ಏನೋ ಪ್ರಮಾಣಪತ್ರ ಬೇಕಾಗಿತ್ತು. ಅರ್ಜಿ ತುಂಬಿದ ಮೇಲೆ, ಓದಲು ಬಂದರೆ ಒಮ್ಮೆ ನೋಡಲಿ ಎಂದು ಪರದೆಯನ್ನು ಅವರ ಕಡೆ ತಿರುಗಿಸಿದೆ. ನಮ್ಮ ಯಂತ್ರದ ನೀಲಿ ಇಯಲ್ಲಿ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ, ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕಕ್ಕೆ ಬಿದ್ದಿರುತ್ತಿದ್ದವು.

ದ್ಯಾಮಣ್ಣ ಕನ್ನಡಕ ಏರಿಸಿ ನೋಡಿದರು. "ಬಾಯಾರ, ಇದ್ರಾಗ ನನ್ನ ಹೆಸರು ಮುರಿದು ಬಿದ್ದೈತಲ್ರಿ."

ಅದನ್ನೇ ನರಿಯಲ್ಲಿ ತೆರೆದು ತೋರಿಸಿದೆ. ಅಕ್ಷರಗಳು ನೆಟ್ಟಗೆ ಕೂತಿದ್ದವು. ಅವರು ಬೆರಳಿಟ್ಟು ಓದಿ, "ಈಗ ನಾ ಆದೆ ನೋಡ್ರಿ" ಎಂದರು. ಅವರ ಮುಖ ಅರಳಿದ್ದು ಕಂಡು ನನಗೂ ಸಂತೋಷವಾಯಿತು. ಅಂದಿನಿಂದ ಯಲಬುರ್ಗಾದಲ್ಲಿ ಇದ್ದಷ್ಟು ದಿನ ಎಲ್ಲರಿಗೂ ಪರದೆ ತಿರುಗಿಸಿ ತೋರಿಸುತ್ತಿದ್ದೆ. ಓದಲು ಬಾರದವರಿಗೆ ನಾನೇ ಓದಿ ಹೇಳುತ್ತಿದ್ದೆ.

ಆದರೆ ನರಿಯೊಂದನ್ನೇ ನಂಬಿ ಕೂರುವಂತಿರಲಿಲ್ಲ. ಅರ್ಜಿಗೆ ಕೊನೆಗೆ ಸಾಹೇಬರ ಡಿಜಿಟಲ್ ಸಹಿ ಬೀಳಬೇಕು. ಪೆನ್‌ಡ್ರೈವಿನಂಥ ಒಂದು ಸಾಧನವನ್ನು ಕಂಪ್ಯೂಟರಿಗೆ ಚುಚ್ಚಿ, ಗುಪ್ತ ಸಂಖ್ಯೆ ಹೊಡೆದರೆ ಸಹಿ ಬಿತ್ತು ಎಂದು ಲೆಕ್ಕ. ನಮ್ಮಲ್ಲಿ ಆ ಸಾಧನ ನೀಲಿ ಇ ಬಿಟ್ಟು ಬೇರೆಲ್ಲೂ ಒಗ್ಗುತ್ತಿರಲಿಲ್ಲ. ಹಾಗಾಗಿ ತುಂಬುವುದು ನರಿಯಲ್ಲಿ, ಸಹಿ ನೀಲಿ ಇಯಲ್ಲಿ. ಯಲಬುರ್ಗಾದ ಸಾಹೇಬರಿಗೆ ಇದು ಸರಿಬರಲಿಲ್ಲ.

"ಸರ್ಕಾರ ಯಾವುದು ಕೊಟ್ಟೈತಿ ಅದ್ರಾಗ ಮಾಡ್ರಿ. ನರಿ ಗಿರಿ ಯಾಕ ಬೇಕು ಆಫೀಸಿನ್ಯಾಗ?"

"ಸರ್ಕಾರ ಕೊಟ್ಟಿದ್ದರಾಗ ಮಂದಿ ಹೆಸರು ಮುರಿತಾವ್ರಿ ಸಾಹೇಬ್ರ" ಎಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿ ಮುಂದಿನ ಫೈಲು ಎಳೆದುಕೊಂಡರು. ನಾನು ನರಿಯನ್ನು ತೆಗೆಯಲಿಲ್ಲ.

ಮುಂದೆ ಗಂಗಾವತಿಗೆ ಬಂದೆ. ಆ ಕೌಂಟರಿನ ಜನಜಂಗುಳಿ ನೋಡಿದವರಿಗೇ ಗೊತ್ತು. ಭತ್ತದ ಸೀಮೆ, ಅಕ್ಕಿ ಗಿರಣಿಗಳ ಊರು. ಹಳ್ಳಿಯವರು, ಆಂಧ್ರದಿಂದ ಬಂದು ಕಾಲುವೆ ಬದಿಯ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ಮಾತಿನವರು, ಎಲ್ಲರೂ ಬಾಗಿಲು ತೆರೆಯುವ ಮುಂಚೆಯೇ ಸಾಲು ಹಿಡಿದಿರುತ್ತಿದ್ದರು. ಅಷ್ಟರಲ್ಲಿ ಮೂರನೇ ಬ್ರೌಸರ್ ಬಂದಿತ್ತು. ಕೆಂಪು, ಹಸಿರು, ಹಳದಿಯ ಬಿಲ್ಲೆ, ನಡುವೆ ನೀಲಿ ಚುಕ್ಕೆ. ಒತ್ತಿದ ಕೂಡಲೇ ತೆರೆಯುತ್ತಿತ್ತು. ನೀಲಿ ಇ ಮೈಮುರಿದು ಏಳುವಷ್ಟರಲ್ಲಿ ಇದು ಒಂದು ಅರ್ಜಿ ಮುಗಿಸುತ್ತಿತ್ತು.

ಇನ್ನೊಂದು ಗುಣವೂ ಇತ್ತು. ಒಮ್ಮೆ ಹೊಡೆದದ್ದನ್ನು ನೆನಪಿಟ್ಟುಕೊಳ್ಳಲೇ ಎಂದು ಅದು ಕೇಳಿತು. ನಾನು ಹೌದು ಎಂದೆ. ಆ ಮೇಲೆ ಹೆಸರಿನ ಮೊದಲ ಅಕ್ಷರ ಹೊಡೆದರೆ ಸಾಕು, ಹಿಂದೆ ತುಂಬಿದ ಹೆಸರುಗಳು ಸಾಲಾಗಿ ಕೆಳಗಿಳಿಯುತ್ತಿದ್ದವು. ಒಂದನ್ನು ಒತ್ತಿದರೆ ತಂದೆಯ ಹೆಸರು, ಓಣಿ, ಊರು, ಪಿನ್‌ಕೋಡ್ ಎಲ್ಲ ತಾವಾಗಿಯೇ ಬಂದು ಕೂರುತ್ತಿದ್ದವು. ಅದೇ ಜನ ಮತ್ತೆ ಮತ್ತೆ ಬರುವ ಕೌಂಟರಿನಲ್ಲಿ ಇದು ವರವೆಂದೇ ನಾನು ತಿಳಿದೆ. ಅದರಲ್ಲಿ ಬ್ರೌಸರಿನ ತಪ್ಪೇನೂ ಇಲ್ಲ. ಒಬ್ಬರೇ ಬಳಸುವ ಮನೆಯ ಯಂತ್ರಕ್ಕೆ ಅದು ಒಳ್ಳೆಯ ಅನುಕೂಲ. ಊರೆಲ್ಲ ಬಂದು ಹೋಗುವ ಯಂತ್ರಕ್ಕೆ ಅದನ್ನು ಹಾಕಿದವಳು ನಾನು.

ಸಹೋದ್ಯೋಗಿಗಳು ವೇಗದ ರೈಲಿನ ಹೆಸರಿಟ್ಟು ನನ್ನನ್ನು ಮೇಲ್ ಗಾಡಿ ಎಂದು ಕರೆಯತೊಡಗಿದರು. ಮೀಟಿಂಗಿನಲ್ಲಿ ಸಾಹೇಬರು, "ಗಿರಿಜಮ್ಮಾರನ್ನ ನೋಡಿ ಕಲೀರಿ" ಎಂದರು. ನನಗೆ ಸೊಕ್ಕು ಬಂತು, ಮುಚ್ಚಿಡುವುದೇನಿದೆ. ಕೆಲಸಕ್ಕೆ ಬಾರದ ಗುಜರಿ ಎಂದು ಹೇಳಿ ಎಲ್ಲ ಯಂತ್ರಗಳಿಂದ ನೀಲಿ ಇಯ ಚಿಹ್ನೆ ತೆಗೆಸಿದೆ. ಸಹಿಗೆಂದು ಸಾಹೇಬರ ಕೋಣೆಯ ಒಂದು ಯಂತ್ರದಲ್ಲಿ ಮಾತ್ರ ಉಳಿಯಿತು. ಪರದೆ ತಿರುಗಿಸುವುದನ್ನೂ ಬಿಟ್ಟೆ. ತಲೆ ಎತ್ತುವುದನ್ನೂ ಬಿಟ್ಟೆ. ಕೈ ಚಾಚಿದರೆ ಅರ್ಜಿ ಬರುತ್ತಿತ್ತು, ತುಂಬುತ್ತಿದ್ದೆ, ಚೀಟಿ ಕೊಡುತ್ತಿದ್ದೆ.

ನಮ್ಮ ಕಡೆ ಹುಲಿಗೆಮ್ಮ ಎಂಬ ಹೆಸರು ಎಷ್ಟು ಜನಕ್ಕಿದೆ ಎಂದು ಹೇಳಬೇಕಾಗಿಲ್ಲ. ಹುಲಿಗಿಯ ದೇವಿ ಹುಲಿಗೆಮ್ಮ ತಾಯಿಗೆ ಹರಕೆ ಹೊತ್ತು ಹುಟ್ಟಿದ ಹೆಣ್ಣುಮಕ್ಕಳೆಲ್ಲ ಹುಲಿಗೆಮ್ಮರೇ. ದುರಗಪ್ಪ ಎಂಬ ಅಪ್ಪಂದಿರೂ ಕಡಿಮೆ ಇಲ್ಲ. ಒಂದು ವಾರ ಹೇಮಗುಡ್ಡದ ಹಿಂದಿನ ಹಳ್ಳಿಯೊಂದರಿಂದ ದುರಗಪ್ಪನ ಮಗಳು ಹುಲಿಗೆಮ್ಮ ಬಂದಳು, ವಾಸಸ್ಥಳದ ಅರ್ಜಿ ಕೊಟ್ಟು ಹೋದಳು. ಮುಂದಿನ ವಾರ ಹೊಳೆದಂಡೆಯ ಹಳ್ಳಿಯಿಂದ ಇನ್ನೊಬ್ಬ ದುರಗಪ್ಪನ ಮಗಳು ಹುಲಿಗೆಮ್ಮ ಬಂದಳು. ಅದೇ ಅರ್ಜಿ. ನಾನು ಮೊದಲಕ್ಷರ ಹೊಡೆದೆ, ಪಟ್ಟಿ ಇಳಿಯಿತು, ಹುಲಿಗೆಮ್ಮ ತಂದೆ ದುರಗಪ್ಪ ಎಂದು ಕಂಡದ್ದನ್ನು ಒತ್ತಿದೆ. ಊರು ತಾನಾಗಿಯೇ ಬಂತು. ಬಂದದ್ದು ಹೇಮಗುಡ್ಡದ ಹಿಂದಿನ ಊರು. ನಾನು ನೋಡಲಿಲ್ಲ.

ಮುಂದೆಯಾದರೂ ಯಾರಿಗಾದರೂ ತಿಳಿಯಬೇಕಿತ್ತು. ಊರಿಗೆ ಹೋಗಿ ವಿಚಾರಿಸಬೇಕಾದ ಗ್ರಾಮ ಲೆಕ್ಕಿಗರಿಗೆ ಅರ್ಜಿ ಹೋಯಿತು. ಹೋದದ್ದು ಹೇಮಗುಡ್ಡದ ಕಡೆಯವರಿಗೆ. ಅಲ್ಲಿ ದುರಗಪ್ಪನ ಮಗಳು ಹುಲಿಗೆಮ್ಮ ನಿಜವಾಗಿಯೂ ಇದ್ದಾಳಲ್ಲ, ಅವರು ಸರಿ ಇದೆ ಎಂದು ಬರೆದು ಕಳಿಸಿದರು. ಸಾಹೇಬರ ಸಹಿ ಬಿತ್ತು. ಹೊಳೆದಂಡೆಯ ಹುಲಿಗೆಮ್ಮ ಕಾಗದದಲ್ಲಿ ಬೇರೆ ಊರಿನವಳಾದಳು.

ಕಾಗದ ಪಡೆದುಕೊಂಡ ದಿನವೇ, ಒಂದು ತಾಸಿನ ಮೇಲೆ ಅವಳು ಬಸ್ ಸ್ಟ್ಯಾಂಡಿನಿಂದ ವಾಪಸು ಬಂದಳು. ಸಾಲು ದಾಟಿ ನೇರ ಕಿಟಕಿಗೆ ಬಂದು ಕಾಗದವನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟಳು.

"ಇದು ನಮ್ಮೂರಲ್ರಿ."

ನನ್ನ ಬಾಯಿಂದ ಮೊದಲು ಬಂದ ಮಾತನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ನೀವ ತಪ್ಪು ಹೇಳಿರಬೇಕು" ಎಂದೆ.

"ನಾ ಏನೂ ಹೇಳಿಲ್ರಿ. ನೀವು ಏನೂ ಕೇಳಿಲ್ಲ. ಬರದು ಕೊಟ್ಟಿದ್ದೆ."

ಕಟ್ಟು ಬಿಚ್ಚಿ ಅವಳ ಕೈಬರಹದ ಅರ್ಜಿ ತೆಗೆದೆ. ದುಂಡಗಿನ ಅಕ್ಷರದಲ್ಲಿ ಹೊಳೆದಂಡೆಯ ಊರಿನ ಹೆಸರು ಸ್ಪಷ್ಟವಾಗಿತ್ತು.  ಆಗ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದೆ. ಮೂವತ್ತು ದಾಟಿದ ಹೆಣ್ಣುಮಗಳು, ನಾಟಿಯ ಗದ್ದೆಯಿಂದ ಕಾಲು ತೊಳೆದು ಬಂದಂತಿದ್ದಳು. ಬೆರಳುಗಳ ನಡುವೆ ಕೆಸರಿಗೆ ಚರ್ಮ ಬಿಳುಚಿತ್ತು.

"ನಮ್ಮೂರ ಅಂಗನವಾಡಿ ಕೆಲಸ ಕರದಾರ್ರಿ. ಅದೇ ಊರಾಕಿ ಆಗಿರಬೇಕಂತ ಕಾಯ್ದೆ ಐತಿ. ನಾಳಿ ಕಡೀ ದಿನ" ಎಂದಳು. "ಮುಂದಿನ ಸಲ ಕರೆಯೂದ್ರಾಗ ನನ್ನ ವಯಸ್ಸು ದಾಟಿರ್ತೈತ್ರಿ. ಕೂಲಿ ಮಾಡಿಕೋತ ಪಿಯುಸಿ ಕಟ್ಟಿ ಪಾಸಾಗೀನಿ. ಎರಡು ಸಲ ಕುಂತು ಪಾಸಾಗೀನಿ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳುವ ಕೆಲಸವಾದರೂ ಇರುತ್ತಿತ್ತು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಎರಡು ಕಾಗದಗಳನ್ನೂ ಹಿಡಿದು ಸಾಹೇಬರ ಬಳಿ ಹೋದೆ.

ಸಾಹೇಬರು ಕೆಟ್ಟವರಲ್ಲ. ನನ್ನನ್ನು ಉಳಿಸಬೇಕೆಂದೇ ಮಾತಾಡಿದರು. "ತಾಂತ್ರಿಕ ದೋಷ ಅಂತ ಬರದು ಬಿಡ್ರಿ. ಆಕಿ ಹೊಸಾ ಅರ್ಜಿ ಹಾಕ್ಲಿ, ವಾರದಾಗ ಬರ್ತೈತಿ."

"ನಾಳೆ ಕಡೀ ದಿನ ಐತ್ರಿ ಸಾಹೇಬ್ರ."

"ಹಂಗಾರ ಒಂದ ದಾರಿ. ಕಚೇರಿ ತಪ್ಪು ಅಂತ ತಿದ್ದುಪಡಿ ಹಾಕಬೇಕು. ಅದಕ್ಕ ತಪ್ಪು ಮಾಡಿದವರು ಕೈಲೆ ಬರದು ಸಹಿ ಮಾಡಿ ಕೊಡಬೇಕು. ಅದು ನಿಮ್ಮ ಸೇವಾ ಪುಸ್ತಕದಾಗ ಹೋಗಿ ಕೂರ್ತೈತಿ. ಇಷ್ಟು ವರ್ಷದ ಹೆಸರು ಹಾಳಾಗ್ತೈತಿ, ವಿಚಾರ ಮಾಡ್ರಿ."

ವಿಚಾರ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಮೇಜಿನ ಮುಂದೆ ನಿಂತು, ಇದನ್ನು ಯಂತ್ರದ ತಲೆಗೆ ಕಟ್ಟಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಅಂದುಕೊಂಡೆ. ಎರಡು ನಿಮಿಷ ಇರಬಹುದು. ಆಮೇಲೆ ಅವರ ಮೇಜಿನ ಮೇಲಿನ ಬಿಳಿ ಹಾಳೆಯನ್ನೇ ಎಳೆದುಕೊಂಡು ಬರೆದೆ: ಅರ್ಜಿಯನ್ನು ಓದದೆ, ಹಿಂದಿನ ಅರ್ಜಿದಾರರ ವಿವರವನ್ನು ನಾನೇ ಒತ್ತಿ ತುಂಬಿರುತ್ತೇನೆ, ಇದು ನನ್ನ ಅಜಾಗರೂಕತೆ, ಅರ್ಜಿದಾರರ ತಪ್ಪು ಏನೂ ಇರುವುದಿಲ್ಲ. ಸಹಿ ಹಾಕಿ ಕೊಟ್ಟೆ. ಸಾಹೇಬರು ಓದಿ ನಿಟ್ಟುಸಿರು ಬಿಟ್ಟು ಬದಿಗಿಟ್ಟುಕೊಂಡರು.

ಹೊರಗೆ ಬಂದು ಹುಲಿಗೆಮ್ಮನಿಗೆ ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ನಿನ್ನ ತಪ್ಪಲ್ಲ ತಾಯಿ, ನನ್ನದು, ನಾಳೆ ಸಂಜೆಯೊಳಗೆ ಸರಿಮಾಡುತ್ತೇನೆ ಎಂದೆ. 

"ನೀವು ಒಂದ ಸಲ ಮಾರಿ ಎತ್ತಿ, ಯಾವೂರಾಕಿ ನೀ ಅಂತ ಕೇಳಿದ್ರ ಆಗ್ತಿತ್ತಲ್ರಿ" ಎಂದಳು.

ಆಗ ಕೇಳಿದೆ, ಅವಳು ಹೇಳಿದ ಊರನ್ನು ಚೀಟಿಯಲ್ಲಿ ಬರೆದುಕೊಂಡೆ. 

ಮರುದಿನ ಬೆಳಿಗ್ಗೆ ಹೊಳೆದಂಡೆಯ ಗ್ರಾಮ ಲೆಕ್ಕಿಗರಿಗೆ ಫೋನಿನ ಮೇಲೆ ಫೋನು ಮಾಡಿ, ಅವಳ ಮನೆಗೆ ಕಳಿಸಿ, ನೆರೆಹೊರೆಯವರ ಹೇಳಿಕೆ ತರಿಸಿದೆ. ಮಧ್ಯಾಹ್ನಕ್ಕೆ ವರದಿ ಬಂತು. ಬಣ್ಣದ ಬಿಲ್ಲೆಯ ಬ್ರೌಸರಿನಲ್ಲಿ ತಿದ್ದುಪಡಿ ಏರಿಸಿದೆ, ಕ್ಷಣದಲ್ಲಿ ಹೋಯಿತು. ಈ ಸಲ ಒಂದೊಂದು ಅಕ್ಷರವನ್ನೂ ಕೈಯಿಂದ ಹೊಡೆದೆ. ಇನ್ನು ಸಾಹೇಬರ ಸಹಿ ಬಿದ್ದರೆ ಮುಗಿಯಿತು. ಅವರ ಕೋಣೆಗೆ ಹೋಗಿ ಯಂತ್ರ ಚಾಲೂ ಮಾಡಿದರೆ ಪರದೆ ಕಪ್ಪಗೆ ಕೂತಿತ್ತು. ಕೆಟ್ಟಿತ್ತು. ಬೇರೆ ಯಂತ್ರಗಳಲ್ಲಿ ಸಹಿಗೆ ಬೇಕಾದ ನೀಲಿ ಇ ಕಾಣುವುದಿಲ್ಲ. ತೆಗೆಸಿದವಳು ನಾನೇ.

ಖಾಜಾ ಹುಸೇನರಿಗೆ ಫೋನು ಹಚ್ಚಿದೆ. ಅವರು ಕುಷ್ಟಗಿಯಲ್ಲಿದ್ದರು, ಬರಲು ಹೊತ್ತು ಸಾಲದು.

"ಅಕ್ಕಾರ, ಗಾಬರಿ ಆಗಬ್ಯಾಡ್ರಿ. ರೆಕಾರ್ಡ್ ರೂಮಿನ್ಯಾಗ ಹಳೇದೊಂದು ಮಷಿನ್ ಬಿದ್ದೈತಿ, ಸಹಿ ಸಾಧನ ಒಗ್ಗೋದು ಅಂಥಾ ಹಳೇ ಮಷಿನ್ನಿಗಷ್ಟ. ಅದನ್ನ ಹೊರಗ ತಗೀರಿ. ನೀಲಿ ಇ ಎಲ್ಲೂ ಹೋಗಿಲ್ಲ, ಒಳಗ ಅಡಗಿ ಕುಂತೈತಿ. ನಾ ಹೇಳಿದಂಗ ಒತ್ತಿಕೋತ ಹೋಗ್ರಿ."

ಧೂಳು ಹೊಡೆದು, ತಂತಿ ಸಿಕ್ಕಿಸಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು ಅವರು ಹೇಳಿದಂತೆ ಮಾಡಿದೆ. ಸಹಿಯ ಸಾಧನದ ತಂತ್ರಾಂಶ ಹಾಕುವುದಕ್ಕೇ ಒಂದು ತಾಸು ಹಿಡಿಯಿತು. ನೀಲಿ ಇ ತೆರೆಯಿತು. ಪುಟ ಅರ್ಧ ಬಂದು ನಿಂತಿತು. ಎರಡನೇ ಸಲ, ಅವಧಿ ಮುಗಿದಿದೆ ಎಂದಿತು. ಮೂರನೇ ಸಲ ಸಾಧನವೇ ಇಲ್ಲ ಎಂದಿತು. ಸಾಹೇಬರು ನನ್ನ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು. ಬೆಂಚಿನ ಮೇಲೆ ಹುಲಿಗೆಮ್ಮ ಬೆಳಿಗ್ಗೆಯಿಂದ ಕೂತ ಜಾಗ ಬಿಟ್ಟಿರಲಿಲ್ಲ. ನಾನು ಹಠ ಹಿಡಿದು ಮತ್ತೆ ಶುರು ಮಾಡಿದೆ. ಈ ಯಂತ್ರ ಸುಟ್ಟು ಹೋದರೂ ಸರಿ, ಸಹಿ ಬೀಳದೆ ಏಳುವುದಿಲ್ಲ ಎಂದು ನಿರ್ಧರಿಸಿದ್ದೆ. ಐದನೇ ಸಲಕ್ಕೆ ಗುಪ್ತ ಸಂಖ್ಯೆ ಕೇಳಿತು. ಸಾಹೇಬರು ಬಾಗಿ ಹೊಡೆದರು. ಬಿತ್ತು.

ಮುದ್ರಿಸಲು ಹೋದರೆ ಆ ಹಳೆಯ ಯಂತ್ರದಲ್ಲಿ ಕನ್ನಡದ ಜಾಗದಲ್ಲೆಲ್ಲ ಬರೀ ಚೌಕಗಳು. ನನ್ನ ಮೇಜಿಗೆ ಓಡಿದರೆ ಬಣ್ಣದ ಬಿಲ್ಲೆಯ ಮುದ್ರಣದಲ್ಲೂ ಒತ್ತಕ್ಷರಗಳು ಜಾರಿದವು, ಕೊನೆಗೆ ಅದರಲ್ಲೇ ಉಳಿದಿದ್ದ ನರಿಯಲ್ಲಿ ತೆರೆದು ಮುದ್ರಿಸಿದೆ. ಹೆಸರೂ ಊರೂ ನೆಟ್ಟಗೆ ಮೂಡಿದವು. ಯಾವ ಬ್ರೌಸರ್ ದೊಡ್ಡದು ಎಂದು ಜಗಳ ಆಡುವವರನ್ನು ಕಂಡರೆ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ. ಒಂದು ಕಾಗದ ಹೊರಬರಲು ಮೂರೂ ಬೇಕಾದವು.

ಅಂಗನವಾಡಿಯ ಅರ್ಜಿಯನ್ನೂ ಆನ್‌ಲೈನಿನಲ್ಲೇ ಹಾಕಬೇಕಿತ್ತು. ಹೊರಗಿನ ಅಂಗಡಿಗೆ ಕಳಿಸದೆ ನಾನೇ ಕೂತೆ. ಹುಲಿಗೆಮ್ಮನಿಗೆ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿ, ಪರದೆ ಅವಳ ಕಡೆ ತಿರುಗಿಸಿ, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದೆ. ಅವಳು ಪ್ರತಿ ಸಾಲಿಗೂ ಹೂಂ ಎಂದಳು.

"ಊರು ಇನ್ನೊಂದ ಸಲ ಓದ್ರಿ" ಎಂದಳು.

ಓದಿದೆ. ಹೂಂ ಎಂದಳು. ಕಚೇರಿ ಮುಚ್ಚುವ ಹೊತ್ತಿಗೆ ಸ್ವಲ್ಪ ಮುಂಚೆ ಅರ್ಜಿ ಹೋಯಿತು. ಅವಳು ಚೀಟಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಬಸ್ಸಿಗೆ ಹೋದಳು.

ನನಗೆ ನೋಟಿಸು ಬಂತು, ಸೇವಾ ಪುಸ್ತಕದಲ್ಲಿ ಎಚ್ಚರಿಕೆ ಎಂದು ಬರೆದರು. ಮನೆಗೆ ಬಂದು ಅತ್ತುಬಿಟ್ಟೆ. ಅವಮಾನವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಈ ಹುಲಿಗೆಮ್ಮನಿಗೆ ಓದಲು ಬರುತ್ತಿತ್ತು, ತಿಳಿಯಿತು. ಓದಲು ಬಾರದ ಎಷ್ಟು ಜನರನ್ನು ನಾನು ಯಾವ ಯಾವ ಊರಿಗೆ ಬರೆದಿದ್ದೇನೋ ಎಂಬ ಯೋಚನೆ ಬಿಡಲಿಲ್ಲ. ಮುಂದಿನ ಎರಡು ತಿಂಗಳು, ಊಟದ ಬಿಡುವಿನಲ್ಲಿ ಹಳೆಯ ಅರ್ಜಿಗಳ ಕಟ್ಟು ಬಿಚ್ಚಿ, ಒಂದೊಂದನ್ನೂ ಕಂಪ್ಯೂಟರಿನೊಂದಿಗೆ ತಾಳೆ ನೋಡಿದೆ. ಇನ್ನೂ ಮೂರು ತಪ್ಪು ಸಿಕ್ಕವು. ಮೂವರಿಗೂ ಕರೆ ಕಳಿಸಿ ತಿದ್ದಿಕೊಟ್ಟೆ, ಮೂರಕ್ಕೂ ನನ್ನ ತಪ್ಪೆಂದೇ ಬರೆದೆ. ಸಾಹೇಬರು ಕೈ ಮುಗಿದು, "ಸಾಕು ಮಾಡ್ರಿ, ನಿಮ್ಮ ಪುಸ್ತಕದಾಗ ಜಾಗ ಉಳಿದಿಲ್ಲ" ಎಂದರು.

ಆಯ್ಕೆ ಪಟ್ಟಿ ಬಂದಾಗ ನಾನೇ ಹುಡುಕಿ ನೋಡಿದೆ. ಹೊಳೆದಂಡೆಯ ಊರಿನ ಮುಂದೆ ಹುಲಿಗೆಮ್ಮನ ಹೆಸರಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಂದಿನವರ ಅರ್ಜಿ ತೆಗೆದುಕೊಂಡೆ. ಅವಳು ಒಂದು ಮಾತು ಹೇಳಲು ಬರಬಹುದೆಂದು ಕೆಲವು ದಿನ ಕಾದೆ. ಬರಲಿಲ್ಲ. ಯಾಕೆ ಬರಬೇಕು?

ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಬಣ್ಣದ ಬಿಲ್ಲೆಯನ್ನು ಬಿಟ್ಟು ನರಿಗೆ ಮರಳಿದೆ. ಖಾಜಾ ಹುಸೇನರಿಗೆ ಹೇಳಿ, ಮುಚ್ಚಿದ ಕೂಡಲೇ ಎಲ್ಲವನ್ನೂ ಅಳಿಸುವಂತೆ ಮಾಡಿಸಿಕೊಂಡೆ. ಹೆಸರು, ಊರು, ಪಾಸ್‌ವರ್ಡ್ ಯಾವುದೂ ಉಳಿಯಬಾರದು. ಬಣ್ಣದ ಬಿಲ್ಲೆಯಲ್ಲೂ ಹೀಗೆ ಮಾಡಬಹುದಿತ್ತು, ಅವರು ಹೇಳಿದರು ಕೂಡ. ಆದರೆ ಅದನ್ನು ಕಂಡರೆ ನನ್ನ ಬೆರಳಿಗೆ ಹಳೆಯ ಚಟ ನೆನಪಾಗುತ್ತಿತ್ತು. ನನಗೆ ನನ್ನ ಬೆರಳಿನ ಮೇಲೆ ನಂಬಿಕೆ ಉಳಿದಿರಲಿಲ್ಲ. ಇದು ಶಾಸ್ತ್ರೀಯ ಕಾರಣವಲ್ಲ, ನನ್ನ ಕಾರಣ.

ಸಾಲು ನಿಧಾನವಾಯಿತು. ಮೇಲ್ ಗಾಡಿ ಪ್ಯಾಸೆಂಜರ್ ಆಯಿತೆಂದು ಸಹೋದ್ಯೋಗಿಗಳು ನಕ್ಕರು. ಕ್ಯಾಂಪಿನ ರೈತರೊಬ್ಬರು ಕಿಟಕಿಗೆ ಕೈ ಬಡಿದು, "ಎಷ್ಟೊತ್ತು ಪುರಾಣ ಓದ್ತೀರಮ್ಮಾ?" ಎಂದು ರೇಗಿದರು. ಅವರ ಸರದಿ ಬಂದಾಗ ಅವರಿಗೂ ಪುರಾಣ ಓದಿದೆ. ಅವರೇ ಕೊಟ್ಟ ಕಾಗದದಲ್ಲಿ ಅವರ ಅಪ್ಪನ ಹೆಸರು ತಪ್ಪಿತ್ತು. ಸುಮ್ಮನೆ ತಿದ್ದಿಸಿಕೊಂಡು ಹೋದರು. ಕೊಪ್ಪಳಕ್ಕೆ ಬಂದ ಮೇಲೂ ಈ ಪದ್ಧತಿ ಬಿಡಲಿಲ್ಲ. ಮೇಲಿನವರು ದಿನಕ್ಕೆ ಇಷ್ಟು ಅರ್ಜಿ ಎಂದು ಒತ್ತಾಯ ಹಾಕಿದಾಗಲೂ ಬಿಡಲಿಲ್ಲ.

ರುಬೀನಾ, ಯಾವ ಬ್ರೌಸರ್ ಬೇಕಾದರೂ ಇಟ್ಟುಕೋ. ಈಗ ನೀಲಿ ಇ ಮೂಲೆ ಸೇರಿದೆ, ಸಹಿಯ ಪದ್ಧತಿಯೂ ಬದಲಾಗಿದೆ, ಕನ್ನಡ ಎಲ್ಲದರಲ್ಲೂ ನೆಟ್ಟಗೆ ಕಾಣುತ್ತದೆ. ಆದರೆ ಕೌಂಟರಿನ ಯಂತ್ರಕ್ಕೆ ಯಾರ ವಿವರವನ್ನೂ ನೆನಪಿಡಲು ಬಿಡಬೇಡ. ಊರನ್ನು ಕೇಳು. ಕೇಳುವಾಗ ಮುಖ ನೋಡು. ಇಷ್ಟು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ, ತಪ್ಪು ಮಾಡಿ ಕಲಿತವಳು ನಾನು.

ನಿವೃತ್ತಿಯಾದ ವರ್ಷ ತಂಗಿಯ ಜೊತೆ ಹೊಳೆಯ ನಡುವಿನ ವಿರೂಪಾಪುರಗಡ್ಡೆಯ ಕಡೆ ಹೋಗಿದ್ದೆ. ವಾಪಸು ಬರುವಾಗ ದಾರಿಯಲ್ಲಿ ಹುಲಿಗೆಮ್ಮನ ಊರಿನ ಫಲಕ ಕಂಡಿತು. ಆಟೋ ನಿಲ್ಲಿಸಲು ಹೇಳಿದೆ. ತಂಗಿಯನ್ನು ಕೂತಿರಲು ಹೇಳಿ, ಅಂಗನವಾಡಿ ಯಾವುದೆಂದು ಕೇಳುತ್ತಾ ಹೋದೆ. ಎರಡು ಸಲ ನಿಂತು ಮತ್ತೆ ನಡೆದೆ. 

ಹುಲಿಗೆಮ್ಮ ಬಾಗಿಲಲ್ಲೇ ನಿಂತು ಒಂದು ಮಗುವಿನ ಮೂಗು ಒರೆಸುತ್ತಿದ್ದಳು. ತಲೆ ಎತ್ತಿದಳು.

"ನನ್ನ ನೆನಪೈತೇನವಾ?" ಎಂದೆ.

"ನನ್ನ ಬ್ಯಾರೆ ಊರಿಗೆ ಬರದವರನ್ನ ಹೆಂಗ ಮರೀಲ್ರಿ?" ಎಂದಳು. ನಗಲಿಲ್ಲ.

ನಾನು ತಲೆ ತಗ್ಗಿಸಿದೆ. ಬರಬಾರದಿತ್ತು ಅನ್ನಿಸಿ ತಿರುಗಿ ಹೋಗಲು ಹೊರಟೆ.

"ನಿಂದರ್ರಿ ಬಾಯಾರ" ಎಂದಳು. "ತಪ್ಪು ನಂದು ಅಂತ ನಿಮ್ಮ ಕೈಲೆ ಬರದು ಕೊಟ್ಟವರೂ ನೀವ. ಅದನ್ನೂ ಮರ್ತಿಲ್ಲ. ಎರಡೂ ನೆನಪಿಟ್ಕೊಂಡೀನ್ರಿ ನಾ. ಒಳಗ ಬರ್ರಿ, ಮಕ್ಕಳು ಉಣ್ಣಾಕ ಕುಂತಾವ."

ಒಳಗೆ ಗೋಡೆಗುಂಟ ಮಕ್ಕಳು ಸಾಲಾಗಿ ಕೂತಿದ್ದವು. ನಾನು ಸಾಲಿನ ಕೊನೆಗೆ ಕುಳಿತೆ. ಹುಲಿಗೆಮ್ಮ ಎಲ್ಲರಿಗೂ ಬಡಿಸುತ್ತಾ ಬಂದು, ನನ್ನ ಮುಂದೆಯೂ ಒಂದು ತಟ್ಟೆ ಇಟ್ಟಳು.